ದಿನಕ್ಕೊಂದು ಡಾಲರಿನ ಮದ್ದು: ವಿಜ್ಞಾನವೂ ವ್ಯವಹಾರವೂ ಕೂಡಿದ ಒಂದು ಪಾಠ



‘ಆವಿಷ್ಕಾರ’ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ದೊಡ್ಡ ಪ್ರಯೋಗಾಲಯ, ಬಿಳಿ ಕೋಟು, ನೊಬೆಲ್ ಪದಕ. ‘ಯಶಸ್ಸು’ ಎಂದೊಡನೆ ಬರುವುದು ದೊಡ್ಡ ಸಂಬಳ, ದೊಡ್ಡ ಕಾರು, ಪತ್ರಿಕೆಯಲ್ಲಿ ಫೋಟೊ. ಹೀಗೆ ಯೋಚಿಸುವ ಹದಿನೇಳು ವರ್ಷದ ವಿದ್ಯಾರ್ಥಿಗೆ ಒಂದು ಸಂಶಯ ಬರುವುದು ಸಹಜ: ಕಂಡುಹಿಡಿಯಬೇಕಾದ್ದನ್ನೆಲ್ಲ ಬೇರೆ ದೇಶದವರು ಕಂಡುಹಿಡಿದು ಆಗಿದೆ, ನಮಗೆ ಉಳಿದಿರುವುದು ಅದನ್ನು ಓದಿ ಪರೀಕ್ಷೆ ಬರೆಯುವುದು ಮಾತ್ರವೇ? ತರಗತಿಯಲ್ಲಿ ಈ ಮಾತನ್ನು ನಾನು ಹಲವು ಸಲ, ಹಲವು ಬಗೆಯಲ್ಲಿ ಕೇಳಿದ್ದೇನೆ.

ಇದಕ್ಕೆ ಉತ್ತರವಾಗಿ ಈ ಸಂಚಿಕೆಯಲ್ಲಿ ಭಾರತದ ಒಂದು ಔಷಧ ಕಂಪನಿಯ ಮತ್ತು ಅದನ್ನು ನಡೆಸಿದ ತಂದೆ ಮಗನ ಕಥೆಯನ್ನು ಪಾಠದ ರೂಪದಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಸಿಪ್ಲಾ. ತಂದೆ ಖ್ವಾಜಾ ಅಬ್ದುಲ್ ಹಮೀದ್, ಮಗ ಯೂಸುಫ್ ಹಮೀದ್. ಇಬ್ಬರೂ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ನಾನು ಇಲ್ಲಿ ಹೇಳಲಿರುವ ಔಷಧಗಳಲ್ಲಿ ಒಂದನ್ನೂ ಅವರು ಮೊದಲು ಕಂಡುಹಿಡಿದವರಲ್ಲ. ಆದರೂ ಆ ಔಷಧಗಳು ಬಡ ರೋಗಿಯ ಕೈಗೆ ತಲುಪಿದ್ದರಲ್ಲಿ ಅವರ ಪಾಲು ಬಹಳ ದೊಡ್ಡದು. ಅದು ಹೇಗೆ ಸಾಧ್ಯವಾಯಿತು ಎಂಬುದೇ ಈ ಪಾಠ. ವಿಜ್ಞಾನ ವಿಭಾಗದವರು ಇದರಲ್ಲಿ ವ್ಯವಹಾರವನ್ನೂ, ವಾಣಿಜ್ಯ ವಿಭಾಗದವರು ರಸಾಯನಶಾಸ್ತ್ರವನ್ನೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಒಂದೇ ಊರು, ಎರಡು ದಾರಿ

ಮೊದಲು ಒಂದು ಮೂಲ ವಿಷಯ ತಿಳಿದುಕೊಳ್ಳೋಣ. ಔಷಧವೆಂದರೆ ಒಂದು ಅಣು. ಆ ಅಣುವನ್ನು ತಯಾರಿಸಲು ಒಂದಕ್ಕಿಂತ ಹೆಚ್ಚು ದಾರಿಗಳಿರುತ್ತವೆ. ಊರು ಒಂದೇ ಆದರೂ ಘಟ್ಟದ ರಸ್ತೆಯಲ್ಲೂ ಹೋಗಬಹುದು, ಬಳಸು ದಾರಿಯಲ್ಲೂ ಹೋಗಬಹುದು. ದಾರಿ ಬದಲಾದರೆ ಖರ್ಚು, ಸಮಯ, ವ್ಯರ್ಥವಾಗುವ ವಸ್ತು ಎಲ್ಲವೂ ಬದಲಾಗುತ್ತವೆ.

ಮೈಕೈ ನೋವಿಗೆ, ಜ್ವರಕ್ಕೆ ಕೊಡುವ ಐಬುಪ್ರೊಫೆನ್ ಮಾತ್ರೆಯ ಹೆಸರು ನೀವು ಕೇಳಿರುತ್ತೀರಿ. ಇದನ್ನು 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬೂಟ್ಸ್ ಕಂಪನಿಯಲ್ಲಿ ಸ್ಟೂವರ್ಟ್ ಆಡಮ್ಸ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದರು. ಬೂಟ್ಸ್ ಕಂಪನಿ ಅದನ್ನು ಐಸೊಬ್ಯೂಟೈಲ್ ಬೆಂಜೀನ್‌ನಿಂದ ಆರಂಭಿಸಿ 6 ಹಂತಗಳಲ್ಲಿ ತಯಾರಿಸುತ್ತಿತ್ತು. ಬಳಸಿದ ಕಚ್ಚಾವಸ್ತುಗಳ ಒಟ್ಟು ತೂಕದಲ್ಲಿ ಶೇಕಡ 40ರಷ್ಟು ಮಾತ್ರ ಔಷಧದ ಅಣುವಿಗೆ ಸೇರುತ್ತಿತ್ತು. ಉಳಿದ 60 ಭಾಗ ಬೇಡದ ಉತ್ಪನ್ನವಾಗಿ ಹೋಗುತ್ತಿತ್ತು. ಅದನ್ನು ವಿಲೇವಾರಿ ಮಾಡುವುದೂ ಒಂದು ಖರ್ಚು.

ಮುಂದೆ ಬಿಎಚ್‌ಸಿ ಎಂಬ ಕಂಪನಿಯ ರಸಾಯನಶಾಸ್ತ್ರಜ್ಞರು ಅದೇ ಐಸೊಬ್ಯೂಟೈಲ್ ಬೆಂಜೀನ್‌ನಿಂದ ಆರಂಭಿಸಿ 3 ಹಂತಗಳಲ್ಲಿ ಅದೇ ಐಬುಪ್ರೊಫೆನ್ ತಯಾರಿಸುವ ದಾರಿ ಕಂಡುಕೊಂಡರು. ಮೊದಲ ಹಂತ ನೀವು ಪ್ರಥಮ ಪಿಯುವಿನ ಹೈಡ್ರೋಕಾರ್ಬನ್ ಅಧ್ಯಾಯದಲ್ಲಿ ಓದಿದ ಫ್ರೀಡೆಲ್ ಕ್ರಾಫ್ಟ್ಸ್ ಅಸೈಲೀಕರಣವೇ. ಹಳೆಯ ದಾರಿಯಲ್ಲಿ ಇದಕ್ಕೆ ಬಳಸಿದ ಅಲ್ಯೂಮಿನಿಯಂ ಕ್ಲೋರೈಡ್ ಕೆಲಸ ಮುಗಿದ ಮೇಲೆ ತ್ಯಾಜ್ಯವಾಗುತ್ತಿತ್ತು. ಹೊಸ ದಾರಿಯಲ್ಲಿ ಹೈಡ್ರೋಜನ್ ಫ್ಲೋರೈಡ್ ಬಳಸಿ, ಅದನ್ನು ಮರಳಿ ಪಡೆದು ಮತ್ತೆ ಬಳಸಿದರು. ಕಚ್ಚಾವಸ್ತುವಿನ ಶೇಕಡ 77 ಭಾಗ ಔಷಧಕ್ಕೆ ಸೇರುವಂತಾಯಿತು. 1997ರಲ್ಲಿ ಈ ವಿಧಾನಕ್ಕೆ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು. ಔಷಧ ಹಳೆಯದು, ಪ್ರಶಸ್ತಿ ಬಂದದ್ದು ಹೊಸ ದಾರಿಗೆ.

ಹಂತಗಳ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಪ್ರತಿ ಹಂತದಲ್ಲೂ ಶೇಕಡ 90ರಷ್ಟು ಇಳುವರಿ ಸಿಗುತ್ತದೆ ಎಂದುಕೊಳ್ಳಿ. 0.9ನ್ನು ಆರು ಸಲ ಗುಣಿಸಿದರೆ ಸುಮಾರು 0.53 ಬರುತ್ತದೆ. ಮೂರೇ ಸಲ ಗುಣಿಸಿದರೆ ಸುಮಾರು 0.73. ಅಂದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಆರು ಹಂತದವನ ಕೈಯಲ್ಲಿ 53 ಭಾಗ ಉಳಿಯುತ್ತದೆ, ಮೂರು ಹಂತದವನ ಕೈಯಲ್ಲಿ 73 ಭಾಗ ಉಳಿಯುತ್ತದೆ. ಲಾಭ ನಷ್ಟದ ಪಟ್ಟಿ ಬರೆಯುವ ವಾಣಿಜ್ಯ ವಿದ್ಯಾರ್ಥಿಗೆ ಈ ವ್ಯತ್ಯಾಸದ ಅರ್ಥ ಏನೆಂದು ಬೇರೆ ಹೇಳಬೇಕಾಗಿಲ್ಲ.

ಬರ್ಲಿನ್‌ನಿಂದ ಬಾಂಬೆಗೆ

ಖ್ವಾಜಾ ಅಬ್ದುಲ್ ಹಮೀದ್ 1898ರಲ್ಲಿ ಅಲೀಗಢದಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟದ ಗಾಳಿ ಬೀಸುತ್ತಿದ್ದ ಕಾಲದಲ್ಲಿ ಬೆಳೆದು, ಗಾಂಧೀಜಿಯವರಿಂದ ಪ್ರಭಾವಿತರಾದವರು. ಉನ್ನತ ವ್ಯಾಸಂಗಕ್ಕೆ ಜರ್ಮನಿಗೆ ಹೋಗಿ ಬರ್ಲಿನ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದರು. ಆ ಕಾಲದಲ್ಲಿ ರಾಸಾಯನಿಕ ಉದ್ಯಮದಲ್ಲಿ ಜರ್ಮನಿ ಜಗತ್ತಿನಲ್ಲೇ ಮುಂದಿತ್ತು. ಅಲ್ಲಿ ಅವರು ಪ್ರಯೋಗಾಲಯ ಮತ್ತು ಕಾರ್ಖಾನೆ ಅಕ್ಕಪಕ್ಕದಲ್ಲಿ ಕೆಲಸ ಮಾಡುವುದನ್ನು ಕಣ್ಣಾರೆ ಕಂಡರು. ಅಲ್ಲಿಯೇ ಪರಿಚಯವಾದ, ಲಿಥುವೇನಿಯಾದ ಯಹೂದಿ ಮನೆತನದ ಲೂಬಾ ಅವರನ್ನು ಮದುವೆಯಾದರು.

1935ರಲ್ಲಿ ಅವರು ಬಾಂಬೆಯಲ್ಲಿ ‘ಕೆಮಿಕಲ್, ಇಂಡಸ್ಟ್ರಿಯಲ್ ಆ್ಯಂಡ್ ಫಾರ್ಮಾಸ್ಯುಟಿಕಲ್ ಲ್ಯಾಬೊರೇಟರೀಸ್’ ಎಂಬ ಕಂಪನಿ ಸ್ಥಾಪಿಸಿದರು. ಸಿಪ್ಲಾ ಎಂಬುದು ಈ ಉದ್ದ ಹೆಸರಿನ ಮೊದಲಕ್ಷರಗಳಿಂದ ಆದ ಪದ. ಭಾರತಕ್ಕೆ ಬೇಕಾದ ಔಷಧಗಳಲ್ಲಿ ಹೆಚ್ಚಿನವು ಆಗ ಹಡಗಿನಲ್ಲಿ ವಿದೇಶದಿಂದ ಬರುತ್ತಿದ್ದವು. 1939ರ ಜುಲೈಯಲ್ಲಿ ಗಾಂಧೀಜಿ ಸಿಪ್ಲಾಕ್ಕೆ ಭೇಟಿ ನೀಡಿದರು. ಅದೇ ವರ್ಷ ಎರಡನೇ ಮಹಾಯುದ್ಧ ಆರಂಭವಾಗಿ ವಿದೇಶದಿಂದ ಬರುವ ಸರಕಿಗೆ ತಡೆಯಾಯಿತು. ದೇಶದ ಒಳಗೇ ಔಷಧ ತಯಾರಿಸುವ ಸಾಮರ್ಥ್ಯ ಎಷ್ಟು ಅಗತ್ಯ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ಪದವಿಯ ಕಾಗದವನ್ನು ನೌಕರಿಗೆ ಮಾತ್ರ ಬಳಸದೆ, ಕಲಿತದ್ದನ್ನು ಊರಿಗೆ ತಂದು ಒಂದು ಸಂಸ್ಥೆ ಕಟ್ಟಿದ್ದು ಈ ಹಿರಿಯರ ಮೊದಲ ಸಾಧನೆ.

ಮಗ ಯೂಸುಫ್ 1936ರಲ್ಲಿ ತಾಯಿಯ ಊರಾದ ವಿಲ್ನಿಯಸ್‌ನಲ್ಲಿ ಹುಟ್ಟಿ ಬಾಂಬೆಯಲ್ಲಿ ಬೆಳೆದರು. ಕೇಂಬ್ರಿಡ್ಜ್‌ಗೆ ಹೋಗಿ ನೊಬೆಲ್ ಪುರಸ್ಕೃತ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಟಾಡ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಮಾಡಿ, 1960ರಲ್ಲಿ ತಂದೆಯ ಕಂಪನಿಗೆ ಸೇರಿದರು.

ಕಾನೂನಿನಲ್ಲಿ ಒಂದು ಪದ

ಯೂಸುಫ್ ಹಮೀದ್ ಕೆಲಸಕ್ಕೆ ಸೇರಿದಾಗ ಭಾರತದಲ್ಲಿ ಇದ್ದದ್ದು ಬ್ರಿಟಿಷರ ಕಾಲದ 1911ರ ಪೇಟೆಂಟ್ ಕಾನೂನು. ಪೇಟೆಂಟ್ ಎಂದರೆ ಒಂದು ಆವಿಷ್ಕಾರದ ಮೇಲೆ ಅದರ ಒಡೆಯನಿಗೆ ಇಷ್ಟು ವರ್ಷ ಎಂದು ಸರಕಾರ ಕೊಡುವ ಹಕ್ಕು. ಆ ಅವಧಿಯಲ್ಲಿ ಅವನ ಅನುಮತಿ ಇಲ್ಲದೆ ಬೇರೆಯವರು ಅದನ್ನು ತಯಾರಿಸುವಂತಿಲ್ಲ. ಔಷಧದ ಅಣುವಿಗೇ ಪೇಟೆಂಟ್ ಇದ್ದರೆ, ನೀವು ಎಷ್ಟೇ ಜಾಣತನದಿಂದ ಹೊಸ ದಾರಿ ಹುಡುಕಿದರೂ ಪ್ರಯೋಜನವಿಲ್ಲ. ಊರಿಗೇ ಬೀಗ ಹಾಕಿದ್ದರೆ ದಾರಿ ಯಾವುದಾದರೇನು?

ಈ ವಿಷಯವನ್ನು ಪರಿಶೀಲಿಸಲು ನೇಮಕವಾದ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ವರದಿ ಕೊಟ್ಟರು. ಅದರ ಆಧಾರದಲ್ಲಿ ರೂಪುಗೊಂಡದ್ದು 1970ರ ಪೇಟೆಂಟ್ ಕಾಯ್ದೆ. ಅದು ಜಾರಿಗೆ ಬಂದದ್ದು 1972ರ ಏಪ್ರಿಲ್ 20ರಂದು. ಹೊಸ ಕಾಯ್ದೆಯ ಪ್ರಕಾರ ಆಹಾರ ಮತ್ತು ಔಷಧಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್. ಕಾನೂನಿನಲ್ಲಿ ‘ವಸ್ತು’ ಎಂಬ ಪದ ಹೋಗಿ ‘ವಿಧಾನ’ ಎಂಬ ಪದ ಉಳಿದದ್ದರಿಂದ ಇಡೀ ದೇಶದ ರಸಾಯನಶಾಸ್ತ್ರಜ್ಞರಿಗೆ ಕೆಲಸ ಸಿಕ್ಕಿತು. ಇನ್ನೊಬ್ಬನ ದಾರಿಯಲ್ಲಿ ಹೋಗುವಂತಿಲ್ಲ, ನಿಮ್ಮದೇ ದಾರಿ ಹುಡುಕಿದರೆ ಔಷಧ ತಯಾರಿಸಬಹುದು. ಐಬುಪ್ರೊಫೆನ್‌ನ ಉದಾಹರಣೆಯಲ್ಲಿ ನಾವು ಕಂಡ ಬುದ್ಧಿವಂತಿಕೆ ಇಲ್ಲಿ ಒಂದು ದೊಡ್ಡ ಉದ್ಯಮಕ್ಕೆ ಅಡಿಪಾಯವಾಯಿತು. ಸಿಪ್ಲಾ ಮಾತ್ರವಲ್ಲ, ಭಾರತದ ಅನೇಕ ಔಷಧ ಕಂಪನಿಗಳು ಬೆಳೆದದ್ದು ಈ ಕಾಯ್ದೆಯ ನೆರಳಿನಲ್ಲಿ.

ಇದರಿಂದ ತಿಳಿಯಬೇಕಾದದ್ದು ಏನೆಂದರೆ, ಸೃಜನಶೀಲತೆ ಗಾಳಿಯಲ್ಲಿ ಬೆಳೆಯುವುದಿಲ್ಲ. ಅದಕ್ಕೆ ತಕ್ಕ ಕಾನೂನು, ಪ್ರಯೋಗಾಲಯ, ಬಂಡವಾಳ ಎಲ್ಲವೂ ಬೇಕು. ಒಬ್ಬ ವ್ಯಕ್ತಿಯ ಯಶಸ್ಸಿನ ಹಿಂದೆ ನಮಗೆ ಕಾಣದ ಇಂಥ ಹಲವು ಕೈಗಳಿರುತ್ತವೆ.

ಮಾರಾಟವಾಗದ ಮದ್ದು

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. 1980ರ ದಶಕದಲ್ಲಿ ಏಡ್ಸ್ ಎಂಬ ಕಾಯಿಲೆ ಜಗತ್ತನ್ನು ಹೆದರಿಸಿತು. ಎಚ್‌ಐವಿ ಎಂಬ ವೈರಸ್ ದೇಹದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಇದರ ವಿರುದ್ಧ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಔಷಧ ಎಜೆಡ್‌ಟಿ. ವರ್ಷ 1987. ಕುತೂಹಲದ ಸಂಗತಿ ಎಂದರೆ ಈ ಅಣುವನ್ನು ಜೆರೋಮ್ ಹಾರ್ವಿಟ್ಜ್ ಎಂಬ ವಿಜ್ಞಾನಿ 1964ರಲ್ಲೇ ತಯಾರಿಸಿದ್ದರು, ಕ್ಯಾನ್ಸರ್ ಔಷಧವಾದೀತು ಎಂಬ ನಿರೀಕ್ಷೆಯಿಂದ. ಅದು ಕ್ಯಾನ್ಸರಿಗೆ ಉಪಯೋಗವಾಗಲಿಲ್ಲ. ಇಪ್ಪತ್ತು ವರ್ಷ ಮೂಲೆಯಲ್ಲಿದ್ದ ಅಣು ಬೇರೊಂದು ಕಾಯಿಲೆಗೆ ಮದ್ದಾಯಿತು. ಒಂದು ಪ್ರಶ್ನೆಗೆ ತಪ್ಪು ಉತ್ತರವಾದದ್ದು ಇನ್ನೊಂದು ಪ್ರಶ್ನೆಗೆ ಸರಿ ಉತ್ತರವಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಜೆಡ್‌ಟಿ ಬಂದಾಗ ಅದರ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ವರೆಗೂ ಇತ್ತು. ಭಾರತದಲ್ಲಿ ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಡಾ. ಎ.ವಿ. ರಾಮರಾವ್ ಅವರ ತಂಡ ಇದನ್ನು ತಯಾರಿಸುವ ವಿಧಾನವನ್ನು ರೂಪಿಸಿತು. ಅದನ್ನು ಬಳಸಿ ಸಿಪ್ಲಾ 1993ರಲ್ಲಿ ದಿನಕ್ಕೆ 2 ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಎಜೆಡ್‌ಟಿ ಬಿಡುಗಡೆ ಮಾಡಿತು. ಸರಕಾರಿ ಸಂಶೋಧನಾಲಯದ ವಿಜ್ಞಾನ, ಖಾಸಗಿ ಕಂಪನಿಯ ಕಾರ್ಖಾನೆ ಎರಡೂ ಕೂಡಿದ ಕೆಲಸವಿದು.

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಆಗಲಿಲ್ಲ. ದಿನಕ್ಕೆ 2 ಡಾಲರ್ ಕೊಡುವ ಶಕ್ತಿಯೂ ನಮ್ಮ ಹೆಚ್ಚಿನ ರೋಗಿಗಳಿಗೆ ಇರಲಿಲ್ಲ. ಸರಕಾರದ ಬಳಿ ಇದ್ದ ಹಣ ರೋಗ ಹರಡದಂತೆ ತಡೆಯುವ ಪ್ರಚಾರಕ್ಕೆ ಮೀಸಲಾಗಿತ್ತು, ಔಷಧ ಖರೀದಿಗೆ ಅಲ್ಲ. ತಯಾರಾದ ಔಷಧ ಮಾರಾಟವಾಗದೆ ಅವಧಿ ಮುಗಿದು, ಎಸೆಯಬೇಕಾದ ಸ್ಥಿತಿ ಬಂತು. ಬೇಕಾದವರು ಸಾಯುತ್ತಿದ್ದರು, ಮದ್ದು ಗೋದಾಮಿನಲ್ಲಿ ಕೊಳೆಯುತ್ತಿತ್ತು. ಒಳ್ಳೆಯ ವಸ್ತುವನ್ನು ಕಡಿಮೆ ಬೆಲೆಗೆ ತಯಾರಿಸಿದರೆ ಸಾಕು, ತಾನಾಗಿ ತಲುಪುತ್ತದೆ ಎಂಬ ನಂಬಿಕೆ ಇಲ್ಲಿ ಮುರಿಯಿತು.

ಮೂರು ಕಂಪನಿಯ ಔಷಧ ಒಂದೇ ಮಾತ್ರೆಯಲ್ಲಿ

1996ರ ಹೊತ್ತಿಗೆ ವಿಜ್ಞಾನ ಮತ್ತೊಂದು ಹೆಜ್ಜೆ ಮುಂದೆ ಹೋಗಿತ್ತು. ಒಂದೇ ಔಷಧ ಕೊಟ್ಟರೆ ವೈರಸ್ ತನ್ನನ್ನು ಬದಲಾಯಿಸಿಕೊಂಡು ತಪ್ಪಿಸಿಕೊಳ್ಳುತ್ತದೆ. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಮೂರರಿಂದಲೂ ಒಮ್ಮೆಲೇ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಈ ಚಿಕಿತ್ಸೆಯಿಂದ ಶ್ರೀಮಂತ ದೇಶಗಳಲ್ಲಿ ಏಡ್ಸ್ ಸಾವುಗಳು ಬೇಗನೆ ಇಳಿದವು. ಆದರೆ ಬೆಲೆ ಒಬ್ಬರಿಗೆ ವರ್ಷಕ್ಕೆ 10,000ದಿಂದ 15,000 ಡಾಲರ್. ರೋಗಿಗಳಲ್ಲಿ ಹೆಚ್ಚಿನವರು ಇದ್ದದ್ದು ಆಫ್ರಿಕದಲ್ಲಿ.

ಔಷಧ ಬೆಲೆಯ ಬಗ್ಗೆ ಹೋರಾಡುತ್ತಿದ್ದ ಅಮೆರಿಕದ ಜೇಮ್ಸ್ ಲವ್ ಮತ್ತು ಸಂಗಡಿಗರು 2000ದಲ್ಲಿ ಯೂಸುಫ್ ಹಮೀದರನ್ನು ಭೇಟಿಯಾದರು. ಅವರಿಗೆ ಬೇಕಾಗಿದ್ದ ಉತ್ತರ ಸರಳವಾಗಿತ್ತು: ಈ ಔಷಧಗಳನ್ನು ತಯಾರಿಸಲು ನಿಜವಾಗಿ ಎಷ್ಟು ಖರ್ಚಾಗುತ್ತದೆ? ಕಾಗದದ ಮೇಲೆ ಕಚ್ಚಾವಸ್ತುವಿನ ಲೆಕ್ಕ ಹಾಕಿದಾಗ, ಮಾರಾಟದ ಬೆಲೆಗೂ ತಯಾರಿಯ ಖರ್ಚಿಗೂ ಇರುವ ಅಂತರ ಕಣ್ಣಿಗೆ ಕಂಡಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಕಮಿಷನ್ ಕರೆದ ಸಭೆಯಲ್ಲಿ ಹಮೀದ್ ಎದ್ದು ನಿಂತು, ಮೂರೂ ಔಷಧಗಳನ್ನು ಅಲ್ಲಿಯವರೆಗಿನ ಬೆಲೆಯ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆಗೆ ಕೊಡುತ್ತೇನೆ ಎಂದರು. ತಯಾರಿಸಲು ಮುಂದೆ ಬರುವ ಆಫ್ರಿಕದ ದೇಶಗಳಿಗೆ ತಂತ್ರಜ್ಞಾನವನ್ನು ಉಚಿತವಾಗಿ ಕೊಡುತ್ತೇನೆ ಎಂದರು. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ನೆವಿರಪಿನ್ ಔಷಧವನ್ನು ಹಣವಿಲ್ಲದೆ ಕೊಡುತ್ತೇನೆ ಎಂದರು. ಸಭೆ ಕೇಳಿಸಿಕೊಂಡಿತು, ಆದರೆ ಕೊಳ್ಳಲು ಯಾರೂ ಕೂಡಲೇ ಮುಂದೆ ಬರಲಿಲ್ಲ.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. 2001ರ ಫೆಬ್ರವರಿಯಲ್ಲಿ ಸಿಪ್ಲಾ ಹೊಸ ಬೆಲೆ ಪ್ರಕಟಿಸಿತು. ‘ಗಡಿಯಿಲ್ಲದ ವೈದ್ಯರು’ ಎಂಬ ಅರ್ಥದ ಹೆಸರುಳ್ಳ ಎಂಎಸ್‌ಎಫ್ ಸಂಸ್ಥೆಗೆ, ಅದು ರೋಗಿಗಳಿಗೆ ಉಚಿತವಾಗಿ ಹಂಚಬೇಕೆಂಬ ಷರತ್ತಿನ ಮೇಲೆ, ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ 350 ಡಾಲರ್. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಆಗಿನ ವಿನಿಮಯದಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷ ರೂಪಾಯಿಗೂ ಮಿಕ್ಕಿದ್ದ ಚಿಕಿತ್ಸೆ ಸುಮಾರು 16 ಸಾವಿರಕ್ಕೆ ಇಳಿಯಿತು. ಈ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ‘ಬೆಲೆ ಇಳಿಸಲು ಸಾಧ್ಯವೇ ಇಲ್ಲ’ ಎಂಬ ವಾದಕ್ಕೆ ಆಮೇಲೆ ಬೆಲೆ ಬರಲಿಲ್ಲ.

ಬೆಲೆಯಷ್ಟೇ ಮುಖ್ಯವಾದ ಇನ್ನೊಂದು ಹೊಸತನ ಇದರಲ್ಲಿತ್ತು. ಮೂರು ಔಷಧಗಳಾದ ಸ್ಟಾವುಡಿನ್, ಲ್ಯಾಮಿವುಡಿನ್ ಮತ್ತು ನೆವಿರಪಿನ್ ಮೂರು ಬೇರೆ ಬೇರೆ ಬಹುರಾಷ್ಟ್ರೀಯ ಕಂಪನಿಗಳ ಕೈಯಲ್ಲಿದ್ದವು. ಪೇಟೆಂಟ್ ಮೂರು ಕಡೆ ಇದ್ದುದರಿಂದ ಅವನ್ನು ಒಂದೇ ಮಾತ್ರೆಯಲ್ಲಿ ಸೇರಿಸುವುದು ಬೇರೆ ದೇಶಗಳಲ್ಲಿ ಸುಲಭವಿರಲಿಲ್ಲ. ಭಾರತದ ಕಾಯ್ದೆಯಲ್ಲಿ ಆ ತಡೆ ಇರಲಿಲ್ಲ. ಸಿಪ್ಲಾ 2001ರಲ್ಲಿ ಮೂರನ್ನೂ ಸೇರಿಸಿ ‘ಟ್ರಯೊಮ್ಯೂನ್’ ಎಂಬ ಒಂದೇ ಮಾತ್ರೆ ಮಾಡಿತು. ಬೆಳಿಗ್ಗೆ ಒಂದು, ರಾತ್ರಿ ಒಂದು. ಓದು ಬರಹ ತಿಳಿಯದ, ಆಸ್ಪತ್ರೆಯಿಂದ ದೂರ ಇರುವ ರೋಗಿಯ ಬಗ್ಗೆ ಯೋಚಿಸಿ ನೋಡಿ. ಹಿಡಿ ತುಂಬ ಮಾತ್ರೆಗಳನ್ನು ಬೇರೆ ಬೇರೆ ಹೊತ್ತಿಗೆ ನುಂಗುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಮಾತ್ರೆ ತಪ್ಪಿದರೆ ವೈರಸ್ಸಿಗೆ ಅವಕಾಶ. ಆದ್ದರಿಂದ ಈ ಅನುಕೂಲವೇ ಚಿಕಿತ್ಸೆಯ ಒಂದು ಭಾಗವಾಯಿತು.

ಮುಂದಿನ ದಿನಗಳಲ್ಲಿ ಹಲವು ಬಾಗಿಲುಗಳು ತೆರೆದವು. ಅಗ್ಗದ ಔಷಧ ತರಿಸಲು ದಾರಿ ಮಾಡಿಕೊಡುವ ಕಾನೂನಿನ ವಿರುದ್ಧ ದಕ್ಷಿಣ ಆಫ್ರಿಕ ಸರಕಾರದ ಮೇಲೆ 39 ಔಷಧ ಕಂಪನಿಗಳು ಹೂಡಿದ್ದ ದಾವೆಯನ್ನು 2001ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡವು. ಅದೇ ನವೆಂಬರ್‌ನಲ್ಲಿ ದೋಹಾದಲ್ಲಿ ಸೇರಿದ ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯ ದೇಶಗಳು, ಜನರ ಆರೋಗ್ಯ ಕಾಪಾಡುವುದಕ್ಕೆ ಪೇಟೆಂಟ್ ನಿಯಮಗಳು ಅಡ್ಡಿಯಾಗಬಾರದು ಎಂದು ಘೋಷಿಸಿದವು. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಸರಕಾರವೇ ಎಚ್‌ಐವಿ ಔಷಧವನ್ನು ಉಚಿತವಾಗಿ ಕೊಡಲು ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದಿಲ್ಲಿಯನ್ನು ಮೊದಲು ಆರಿಸಿಕೊಂಡರು. ಆ ಆರರಲ್ಲಿ ನಮ್ಮ ಕರ್ನಾಟಕವೂ ಒಂದು. 2023ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 3 ಕೋಟಿ ಜನ ಈ ಚಿಕಿತ್ಸೆ ಪಡೆಯುತ್ತಿದ್ದರು. ಬೇರೆ ಬೇರೆ ಸರಕಾರಗಳು, ರೋಗಿಗಳ ಸಂಘಟನೆಗಳು, ವೈದ್ಯರು, ಇತರ ಭಾರತೀಯ ಕಂಪನಿಗಳು ಎಲ್ಲರೂ ಸೇರಿ ಮಾಡಿದ ಕೆಲಸವಿದು. ಆದರೆ ಬೆಲೆಯ ಗೋಡೆಗೆ ಮೊದಲ ಬಿರುಕು ಬಿದ್ದದ್ದು 350 ಡಾಲರಿನ ಆ ಪ್ರಕಟಣೆಯಿಂದ.

ವಿಜ್ಞಾನ ಅಲ್ಲಿಗೂ ನಿಲ್ಲಲಿಲ್ಲ ಎಂಬುದನ್ನು ಸೇರಿಸಬೇಕು. ಸ್ಟಾವುಡಿನ್‌ಗೆ ನರಗಳ ನೋವು ಮುಂತಾದ ಅಡ್ಡ ಪರಿಣಾಮಗಳಿದ್ದುದರಿಂದ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕ್ರಮೇಣ ಕೈಬಿಡಲು ಸಲಹೆ ನೀಡಿತು. ಇಂದು ಅದಕ್ಕಿಂತ ಒಳ್ಳೆಯ, ದಿನಕ್ಕೆ ಒಂದೇ ಸಲ ನುಂಗುವ ಮಾತ್ರೆ ಇದೆ. 2017ರಲ್ಲಿ ಆದ ಒಪ್ಪಂದದಂತೆ ಅದರ ಬೆಲೆ ವರ್ಷಕ್ಕೆ ಸುಮಾರು 75 ಡಾಲರಿಗೆ ಇಳಿಯಿತು. ನಿನ್ನೆಯ ಹೊಸತನ ಇಂದು ಹಳತಾಗುತ್ತದೆ, ಅದರಲ್ಲಿ ಅವಮಾನವೇನೂ ಇಲ್ಲ.

ಇನ್ನೊಂದು ಪಕ್ಷದ ಮಾತು

ಪಾಠವೆಂದ ಮೇಲೆ ಎರಡೂ ಪಕ್ಷ ಕೇಳಬೇಕು. ಮೂಲ ಕಂಪನಿಗಳು ಕೇಳುವ ಪ್ರಶ್ನೆ ಹೀಗಿದೆ: ಒಂದು ಹೊಸ ಔಷಧ ಕಂಡುಹಿಡಿಯಲು ಹಲವು ವರ್ಷ, ಅಪಾರ ಹಣ ಬೇಕು. ಕೈಹಾಕಿದ ಅಣುಗಳಲ್ಲಿ ಹೆಚ್ಚಿನವು ಸೋಲುತ್ತವೆ. ಗೆದ್ದ ಒಂದನ್ನೂ ಇನ್ನೊಬ್ಬರು ಮಾಡಿ ಅಗ್ಗಕ್ಕೆ ಮಾರಿದರೆ, ನಾಳೆ ಯಾರು ಸಂಶೋಧನೆ ಮಾಡುತ್ತಾರೆ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಎಜೆಡ್‌ಟಿಯ ಅಣುವನ್ನು ಯಾರೂ ತಯಾರಿಸದೇ ಇದ್ದಿದ್ದರೆ, ಅದನ್ನು ಅಗ್ಗವಾಗಿ ತಯಾರಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಯೂಸುಫ್ ಹಮೀದರ ನಿಲುವು ಏನೆಂದರೆ, ತಾನು ವಿರೋಧಿಸುವುದು ಏಕಸ್ವಾಮ್ಯವನ್ನು, ಪೇಟೆಂಟನ್ನಲ್ಲ. ಕಂಡುಹಿಡಿದವರಿಗೆ ರಾಯಲ್ಟಿ ಸಲ್ಲಲಿ, ಆದರೆ ಜೀವ ಉಳಿಸುವ ಔಷಧ ತಯಾರಿಸಲು ಬೇರೆಯವರಿಗೂ ಅವಕಾಶವಿರಲಿ ಎಂಬುದು ಅವರ ವಾದ. 2005ರ ಜನವರಿ 1ರಿಂದ ಭಾರತದಲ್ಲಿ ಔಷಧದ ಅಣುವಿಗೇ ಪೇಟೆಂಟ್ ಕೊಡುವ ಪದ್ಧತಿ ಮರಳಿ ಬಂತು. ಆದರೂ ಕಾಯ್ದೆಯಲ್ಲಿ ಕೆಲವು ಕಾವಲುಗಳಿವೆ. 2012ರಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಬೇಯರ್ ಕಂಪನಿಯ ಒಂದು ಕ್ಯಾನ್ಸರ್ ಔಷಧ ತಯಾರಿಸಲು ಕಡ್ಡಾಯ ಪರವಾನಗಿ ಸಿಕ್ಕಿತು. ತಿಂಗಳಿಗೆ ಸುಮಾರು 2 ಲಕ್ಷದ 80 ಸಾವಿರ ರೂಪಾಯಿ ಇದ್ದ ಔಷಧ 8,800 ರೂಪಾಯಿಗೆ ಬಂತು. ಮಾರಾಟದಲ್ಲಿ ಶೇಕಡ 6ರಷ್ಟನ್ನು ಮೂಲ ಕಂಪನಿಗೆ ಕೊಡಬೇಕೆಂದು ಆದೇಶವಾಯಿತು. ರೋಗಿಯ ಹಕ್ಕು, ಸಂಶೋಧಕನ ಹಕ್ಕು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಇಂಥ ಪ್ರಯತ್ನಗಳು ಮುಂದೆಯೂ ನಡೆಯಬೇಕು. ಬಹುಶಃ ನಿಮ್ಮಲ್ಲೇ ಒಬ್ಬರು ವಕೀಲರಾಗಿ ಆ ತಕ್ಕಡಿ ಹಿಡಿಯಬಹುದು.

ನಾವು ಕಲಿಯಬೇಕಾದದ್ದು

ಈ ಕಥೆಯಿಂದ ನಾನು ನಾಲ್ಕು ವಿಷಯಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಇರುವುದನ್ನು ಇಲ್ಲದವರಿಗೆ ತಲುಪಿಸುವ ದಾರಿ ಹುಡುಕುವುದೂ ಆವಿಷ್ಕಾರವೇ. ಹಂತ ಕಡಿಮೆ ಮಾಡಿದ್ದು, ಮೂರು ಔಷಧಗಳನ್ನು ಒಂದು ಮಾತ್ರೆಗೆ ಸೇರಿಸಿದ್ದು, ಬೆಲೆಯನ್ನು ಬಹಿರಂಗವಾಗಿ ಪ್ರಕಟಿಸಿದ್ದು ಮೂರೂ ಹೊಸತನಗಳೇ. ನಿಮ್ಮ ಸುತ್ತ ಹೀಗೆ ತಲುಪದೆ ಉಳಿದ ವಸ್ತು, ಸೇವೆ, ವಿದ್ಯೆ ಯಾವುದಿದೆ ಎಂದು ನೋಡಿ. ನಿಮ್ಮ ಕೆಲಸ ಅಲ್ಲಿಂದಲೇ ಆರಂಭವಾಗಬಹುದು.

ಎರಡು, ಮೂಲ ವಿಷಯದ ಜ್ಞಾನಕ್ಕೆ ಬದಲಿ ಇಲ್ಲ. ಹಮೀದ್ ಒಳ್ಳೆಯ ವ್ಯಾಪಾರಿ ಆದದ್ದು ಒಳ್ಳೆಯ ರಸಾಯನಶಾಸ್ತ್ರಜ್ಞ ಆಗಿದ್ದರಿಂದ. ಕಾಗದದ ಮೇಲೆ ಕಚ್ಚಾವಸ್ತುವಿನ ಲೆಕ್ಕ ಹಾಕಲು ಬಾರದವರಿಗೆ 350 ಡಾಲರ್ ಎಂಬ ಸಂಖ್ಯೆ ಹೊಳೆಯುತ್ತಲೇ ಇರಲಿಲ್ಲ. ಮೋಲ್ ಪರಿಕಲ್ಪನೆಯ ಲೆಕ್ಕಗಳು ಪರೀಕ್ಷೆಯ ನಾಲ್ಕು ಅಂಕಕ್ಕೆ ಮಾತ್ರ ಎಂದುಕೊಂಡವರು ಇದನ್ನು ನೆನಪಿಡಬೇಕು.

ಮೂರು, ಒಂದು ಸಲ ಸೋತದ್ದು ಕೊನೆಯಲ್ಲ. 1993ರ ಮದ್ದು ಗೋದಾಮಿನಲ್ಲಿ ಕೊಳೆಯಿತು. 2000ದ ಮಾತಿಗೆ ಕೂಡಲೇ ಉತ್ತರ ಬರಲಿಲ್ಲ. 2001ರಲ್ಲಿ ಜಗತ್ತು ತಿರುಗಿ ನೋಡಿತು. ನಡುವಿನ ಎಂಟು ವರ್ಷ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಾಲ್ಕು, ಯಶಸ್ಸನ್ನು ಅಳೆಯುವ ಮಾಪಕ ಯಾವುದು ಎಂಬುದು. ಸಿಪ್ಲಾ ದಾನ ಸಂಸ್ಥೆಯಲ್ಲ, ಲಾಭ ಮಾಡುವ ಕಂಪನಿ. ಲಾಭ ತಪ್ಪಲ್ಲ. ಲಾಭವಿಲ್ಲದಿದ್ದರೆ ಕಾರ್ಖಾನೆ ನಡೆಯುವುದಿಲ್ಲ, ನೌಕರರ ಮನೆ ನಡೆಯುವುದಿಲ್ಲ. ಆದರೆ ಲಾಭದ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. ಪ್ರವಾದಿ ಮುಹಮ್ಮದ್(ಸ)ರವರು ಮನುಷ್ಯನ ಮರಣಾನಂತರವೂ ಫಲ ಕೊಡುತ್ತಲೇ ಇರುವ ಸತ್ಕರ್ಮಗಳಲ್ಲಿ ಪ್ರಯೋಜನಕಾರಿ ಜ್ಞಾನವನ್ನೂ ಎಣಿಸಿದ್ದಾರೆ ಎಂದು ನಿಮ್ಮಲ್ಲಿ ಅನೇಕರು ಮದ್ರಸದಲ್ಲೇ ಕಲಿತಿದ್ದೀರಿ. ಬೇರೆ ಧರ್ಮದ ವಿದ್ಯಾರ್ಥಿಗಳಿಗೂ ಅವರವರ ಮನೆಯಲ್ಲಿ ಹಿರಿಯರು ಇದೇ ಅರ್ಥದ ಮಾತು ಹೇಳಿರುತ್ತಾರೆ. ಕಲಿತ ವಿದ್ಯೆ ಎಷ್ಟು ಜನರ ಕಷ್ಟ ಇಳಿಸಿತು ಎಂಬ ಲೆಕ್ಕ ಯಾವ ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಬರೆದಿರುವುದಿಲ್ಲ, ಆದರೂ ಅದು ಲೆಕ್ಕವೇ.

ಮಾಡಿ ನೋಡಿ

1. ಮನೆಯಲ್ಲಿರುವ ಒಂದು ಔಷಧದ ಸ್ಟ್ರಿಪ್ ತೆಗೆದುಕೊಳ್ಳಿ. ದೊಡ್ಡ ಅಕ್ಷರದ ಬ್ರಾಂಡ್ ಹೆಸರನ್ನೂ ಅದರೊಂದಿಗೆ ಬರೆದಿರುವ ಮೂಲ ಔಷಧದ ಹೆಸರನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ. ಹತ್ತಿರದ ಜನೌಷಧಿ ಕೇಂದ್ರದಲ್ಲಿ ಅದೇ ಮೂಲ ಔಷಧಕ್ಕೆ ಎಷ್ಟು ಬೆಲೆ ಎಂದು ಕೇಳಿ ಹೋಲಿಸಿ. ಇದು ಹೋಲಿಕೆಗೆ ಮಾತ್ರ. ವೈದ್ಯರನ್ನು ಕೇಳದೆ ಯಾರ ಮಾತ್ರೆಯನ್ನೂ ಬದಲಾಯಿಸಬೇಡಿ.

2. ನಾಲ್ಕು ಹಂತಗಳ ಒಂದು ತಯಾರಿಕೆಯಲ್ಲಿ ಇಳುವರಿ ಕ್ರಮವಾಗಿ ಶೇಕಡ 95, 80, 90 ಮತ್ತು 60. ಒಟ್ಟು ಇಳುವರಿ ಎಷ್ಟು? ಯಾವ ಹಂತವನ್ನು ಸುಧಾರಿಸಿದರೆ ಹೆಚ್ಚು ಲಾಭ? ಕಾರಣ ಕೊಡಿ.

3. ‘ಜೀವ ಉಳಿಸುವ ಔಷಧಕ್ಕೆ ಪೇಟೆಂಟ್ ಇರಬೇಕೆ?’ ಎಂಬ ವಿಷಯದ ಮೇಲೆ ವಿಜ್ಞಾನ ಮತ್ತು ವಾಣಿಜ್ಯ ವಿಭಾಗದವರು ಕೂಡಿ ಚರ್ಚೆ ನಡೆಸಿ. ನಿಮಗೆ ಇಷ್ಟವಿಲ್ಲದ ಪಕ್ಷವನ್ನು ವಹಿಸಿಕೊಂಡು ಮಾತಾಡಿ ನೋಡಿ.

ಎರಡನೆಯ ಪ್ರಶ್ನೆಗೆ ಉತ್ತರ ಬರೆದು ತಂದವರ ಪುಸ್ತಕವನ್ನು ಸಂತೋಷದಿಂದ ನೋಡುತ್ತೇನೆ. ಉತ್ತರ ಸರಿಯಾಗಿದ್ದರೆ ಒಳ್ಳೆಯದು. ಉತ್ತರ ಬೇರೆ ಬಂದರೂ ನಿಮ್ಮ ದಾರಿ ಹೊಸದಾಗಿದ್ದರೆ, ಕುಳಿತು ಅದನ್ನು ಪೂರ್ತಿ ಓದುವ ಆಸೆ ನನಗಿದೆ.